ಹೆರ್ನ್‌ಹೂಟ್ ದಿನವಚನಗಳು

ಬೈಬಲಿನ ಒಂದು ವಚನವನ್ನು ಇಡೀ ದಿನದ ನಡೆಗೆ ಆಧಾರವಾಗಿಸುವ ಮೊರಾವಿಯನ್ ಕ್ರೈಸ್ತರ ಪದ್ಧತಿ; ಜರ್ಮನ್ ಹೆಸರು ಲೋಸುಂಗನ್. ಮೊರಾವಿಯಾದಿಂದ ಬಂದ ನಿರಾಶ್ರಿತರು 1722ರಲ್ಲಿ ಸ್ಯಾಕ್ಸನಿಯ ಹೆರ್ನ್‌ಹೂಟ್‌ನಲ್ಲಿ ನೆಲೆಸಿದರು. ಅವರಿಗೆ ಆಶ್ರಯ ಕೊಟ್ಟ ಕೌಂಟ್ ಜಿನ್ಜೆನ್‌ಡಾರ್ಫ್ 1728ರ ಮೇ 3ರ ಸಂಜೆ, ಮರುದಿನಕ್ಕೆಂದು ಸಭೆಗೆ ಒಂದು ಧ್ಯೇಯವಾಕ್ಯ ನೀಡಿದರು. ಆ ಬಳಿಕ ಸಭೆಯ ಸಹೋದರರು ಪ್ರತಿದಿನದ ವಚನವನ್ನು ಮನೆಮನೆಗೆ ಮುಟ್ಟಿಸುತ್ತ ಕಷ್ಟಸುಖ ವಿಚಾರಿಸುತ್ತಿದ್ದರು. ಪದ್ಧತಿಯ ಜೀವಾಳ ಇರುವುದು ಇಲ್ಲಿಯೇ: ವಚನ ಒಬ್ಬಂಟಿಯ ಓದಿಗಷ್ಟೇ ಉಳಿಯದೆ ನೆರೆಮನೆಯ ಮಾತುಕತೆಗೂ ಬಂತು.

1731ರಿಂದ ಇದು ವಾರ್ಷಿಕ ಪುಸ್ತಕ. ಹಳೆಯ ಒಡಂಬಡಿಕೆಯ ವಚನವನ್ನು ಇಂದಿಗೂ ಹೆರ್ನ್‌ಹೂಟ್‌ನಲ್ಲಿ ಚೀಟಿ ಎತ್ತಿ ಆರಿಸುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಯೋಚಿಸಿ ಜೋಡಿಸುತ್ತಾರೆ. ಪುಸ್ತಕ ಸುಮಾರು ಅರವತ್ತು ಭಾಷೆಗಳಲ್ಲಿ ಪ್ರಕಟವಾಗುತ್ತದೆ.

ದೇವತಾಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹಾಫರ್ ಇದರ ನಿಷ್ಠಾವಂತ ಓದುಗ. 1939ರ ಜೂನ್‌ನಲ್ಲಿ, ನ್ಯೂಯಾರ್ಕ್‌ನ ಸುರಕ್ಷಿತ ಆಶ್ರಯದಲ್ಲಿದ್ದಾಗ ಬರೆದ ದಿನಚರಿಯಲ್ಲಿ ಬೈಬಲ್ ವಚನಗಳೊಡನೆ ಅವರು ನಡೆಸಿದ ಸೆಣಸಾಟ ಕಾಣುತ್ತದೆ. ಮರುತಿಂಗಳು ಅವರು ಹಿಟ್ಲರನ ಜರ್ಮನಿಗೆ ಮರಳಿದರು. 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲ್ಪಟ್ಟರು.

ಆದರೂ ಈ ಪದ್ಧತಿಯಲ್ಲಿ ಸಂದರ್ಭದಿಂದ ಬಿಡಿಸಿದ ವಚನ ಶಕುನವಾಗಿಬಿಡಬಹುದೆಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಇಡೀ ಅಧ್ಯಾಯವನ್ನೂ ಓದುವುದು ಅಗತ್ಯ.