ನರ್ಸಿಂಗ್ ಶಿಕ್ಷಣ: ವಿಪತ್ತು, ವಿದೇಶ ಮತ್ತು ಸಮುದಾಯದ ಆರೈಕೆ

ಬೆಂಗಳೂರಿನ ಉತ್ತರ ಭಾಗದ ಜಾಲಹಳ್ಳಿ ಎಂದೊಡನೆ ನೆನಪಾಗುವುದು ವಾಯುಪಡೆಯ ನೆಲೆ, ಬಿಇಎಲ್ ಮತ್ತು ಎಚ್‌ಎಂಟಿ. ಅದಕ್ಕೂ ಮುಂಚೆ ಇದು ಆಸ್ಪತ್ರೆಗಳ ಊರಾಗಿತ್ತು ಎಂಬ ಸಂಗತಿ ಹೊಸ ತಲೆಮಾರಿನ ನಿವಾಸಿಗಳಿಗೆ ಅಷ್ಟಾಗಿ ತಿಳಿದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ಚಿಕಿತ್ಸೆಗಾಗಿ ಬ್ರಿಟಿಷ್ ಆಡಳಿತವು ಇಲ್ಲಿ ಸೇನಾ ಆಸ್ಪತ್ರೆಗಳ ದೊಡ್ಡ ಸಮೂಹವನ್ನೇ ನಿರ್ಮಿಸಿತ್ತು. ಯುದ್ಧಾನಂತರ ವಾಯುಪಡೆ ಇಲ್ಲಿ ನೆಲೆಯೂರಿತು; 1949ರಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಆರಂಭವಾಯಿತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು.

ಇಂದು ಜಾಲಹಳ್ಳಿ, ಯಶವಂತಪುರ, ಹೆಬ್ಬಾಳ, ಯಲಹಂಕದ ಸುತ್ತಮುತ್ತ ನರ್ಸಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಕೇರಳ, ಪಶ್ಚಿಮ ಬಂಗಾಳ ಹಾಗೂ ಈಶಾನ್ಯ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಪ್ರವೇಶ ಪಡೆಯುವ ಬಹುತೇಕರ ಕಣ್ಣು ವಿದೇಶದ ಉದ್ಯೋಗದ ಮೇಲಿರುತ್ತದೆ. ಆದರೆ ಪಠ್ಯಕ್ರಮವು ಅವರನ್ನು ಇನ್ನೂ ಎರಡು ಕೆಲಸಗಳಿಗೆ ಸಜ್ಜುಗೊಳಿಸಬೇಕು: ವಿಪತ್ತಿನ ಸಂದರ್ಭದ ಪರಿಹಾರ ಮತ್ತು ಸಮುದಾಯದ ಆರೈಕೆ. ಈ ಮೂರೂ ಬೇರೆ ಬೇರೆ ದಾರಿಗಳೆಂಬ ಭಾವನೆ ಸಾಮಾನ್ಯ. ವಾಸ್ತವವಾಗಿ ಮೊದಲೆರಡಕ್ಕೂ ಬುನಾದಿ ಕೊನೆಯದೇ.

ಪಠ್ಯದಲ್ಲಿ ಏನಿದೆ?

1947ರ ಕಾಯ್ದೆಯನ್ವಯ ರಚನೆಯಾದ ಭಾರತೀಯ ನರ್ಸಿಂಗ್ ಪರಿಷತ್ತು ದಶಕಗಳ ಕಾಲ ದೇಶದ ನರ್ಸಿಂಗ್ ಶಿಕ್ಷಣದ ಮಟ್ಟವನ್ನು ನಿಗದಿಪಡಿಸುತ್ತ ಬಂದಿದೆ. ಇದರ ಸ್ಥಾನದಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗವನ್ನು ತರುವ ಕಾಯ್ದೆಗೆ ಸಂಸತ್ತು 2023ರಲ್ಲಿ ಒಪ್ಪಿಗೆ ನೀಡಿತು. ಕರ್ನಾಟಕದಲ್ಲಿ ಬಿಎಸ್‌ಸಿ ನರ್ಸಿಂಗ್ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. 2021ರಲ್ಲಿ ಪ್ರಕಟವಾದ ಪರಿಷ್ಕೃತ ಪಠ್ಯಕ್ರಮವು ನಾಲ್ಕು ವರ್ಷಗಳ ಪದವಿಯನ್ನು ಎಂಟು ಸೆಮಿಸ್ಟರ್‌ಗಳಾಗಿ ವಿಂಗಡಿಸಿದೆ. ಸಮುದಾಯ ಆರೋಗ್ಯ ಶುಶ್ರೂಷೆ ಎಂಬ ವಿಷಯದೊಳಗೆ ವಿಪತ್ತು ನಿರ್ವಹಣೆಯನ್ನು ಸೇರಿಸಲಾಗಿದೆ. ಕೊನೆಯ ಸೆಮಿಸ್ಟರ್‌ನ 22 ವಾರಗಳ ಇಂಟರ್ನ್‌ಶಿಪ್‌ನಲ್ಲಿ ಸಮುದಾಯ ಕ್ಷೇತ್ರಕ್ಕೆ ಮೀಸಲಾಗಿರುವುದು 4 ವಾರ. ಉಳಿದದ್ದೆಲ್ಲ ಆಸ್ಪತ್ರೆಯ ವಾರ್ಡುಗಳಿಗೆ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ನರ್ಸಸ್ 2009ರಲ್ಲಿ ವಿಪತ್ತು ಶುಶ್ರೂಷೆಯ ಸಾಮರ್ಥ್ಯಗಳ ಚೌಕಟ್ಟನ್ನು ಪ್ರಕಟಿಸಿ, 2019ರಲ್ಲಿ ಅದನ್ನು ಪರಿಷ್ಕರಿಸಿತು. ಇದು ನರ್ಸ್‌ಗಳನ್ನು ಮೂರು ಹಂತಗಳಲ್ಲಿ ನೋಡುತ್ತದೆ. ಮೂಲ ಶಿಕ್ಷಣ ಮುಗಿಸಿದ ಪ್ರತಿಯೊಬ್ಬರೂ ಮೊದಲ ಹಂತ. ತಮ್ಮ ಸಂಸ್ಥೆಯಲ್ಲಿ ವಿಪತ್ತು ನಿರ್ವಹಣೆಯ ಹೊಣೆ ಹೊತ್ತವರು ಎರಡನೆಯ ಹಂತ. ಬೇರೆಡೆಗೆ ತೆರಳುವ ಪರಿಹಾರ ತಂಡದ ಸದಸ್ಯರು ಮೂರನೆಯ ಹಂತ. ಅಂದರೆ ವಿಪತ್ತಿನ ತಿಳಿವಳಿಕೆ ಕೆಲವೇ ತಜ್ಞರ ಸ್ವತ್ತಲ್ಲ, ವಿದ್ಯಾರ್ಥಿ ದೆಸೆಯಲ್ಲಿಯೇ ಬರಬೇಕಾದದ್ದು.

ಬಣ್ಣದ ಚೀಟಿಯ ಪಾಠ

ವಿಪತ್ತು ತರಬೇತಿಯಲ್ಲಿ ಮೊದಲು ಕಲಿಸುವುದು ಗಾಯಾಳುಗಳ ವಿಂಗಡಣೆ, ಅಂದರೆ ಟ್ರಯಾಜ್. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ 'ಸ್ಟಾರ್ಟ್' ಪದ್ಧತಿ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ನಡೆಯಬಲ್ಲವರಿಗೆ ಹಸಿರು ಚೀಟಿ. ಉಳಿದವರಲ್ಲಿ ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ ಅಥವಾ ಸರಳ ಸೂಚನೆಯನ್ನೂ ಪಾಲಿಸಲಾಗದಿದ್ದರೆ ಕೆಂಪು. ಈ ಪರೀಕ್ಷೆಗಳಲ್ಲಿ ಪಾರಾದರೂ ನಡೆಯಲಾಗದವರಿಗೆ ಹಳದಿ. ಶ್ವಾಸಮಾರ್ಗ ತೆರೆದ ಮೇಲೂ ಉಸಿರು ಬಾರದಿದ್ದರೆ ಕಪ್ಪು.

ಕಠಿಣವಾದದ್ದು ಈ ಕಪ್ಪು ಚೀಟಿ. ವಾರ್ಡಿನಲ್ಲಿ ಹೃದಯ ನಿಂತವನ ಎದೆ ಒತ್ತಿ ಬದುಕಿಸಲು ಯತ್ನಿಸಬೇಕೆಂದು ಕಲಿತ ವಿದ್ಯಾರ್ಥಿನಿಗೆ, ಇಲ್ಲಿ ಆತನನ್ನು ಬಿಟ್ಟು ಮುಂದಿನವನ ಬಳಿಗೆ ಹೋಗು ಎಂದು ಹೇಳಬೇಕಾಗುತ್ತದೆ. ಅಣಕು ಕಾರ್ಯಾಚರಣೆಗಳಲ್ಲಿ ಸಹಪಾಠಿಗಳೇ ಕೆಂಪು ಬಣ್ಣ ಬಳಿದುಕೊಂಡು ಮಲಗಿರುವಾಗ ಇದು ಆಟದಂತೆ ಕಾಣಬಹುದು. ಆದರೆ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಮೃತಪಟ್ಟಾಗ, ಇಂತಹ ಸನ್ನಿವೇಶ ನಗರದ ನಡುವೆಯೇ ಎದುರಾಗಬಹುದೆಂದು ರಾಜ್ಯ ಕಂಡಿತು.

ಗಾಯ ಮೈಗೆ ಮಾತ್ರವಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಆ ಬಳಿಕ ನಿಮ್ಹಾನ್ಸ್‌ನ ಸಂಶೋಧಕರು ಮೃತರ ಬಂಧುಗಳ ಶೋಕದ ಕುರಿತು ಅಧ್ಯಯನ ನಡೆಸಿದರು. ಮುಂದೆ ಒರಿಸ್ಸಾದ 1999ರ ಚಂಡಮಾರುತ, ಗುಜರಾತಿನ 2001ರ ಭೂಕಂಪ, 2004ರ ಸುನಾಮಿ ಸಂದರ್ಭಗಳಲ್ಲಿಯೂ ನಿಮ್ಹಾನ್ಸ್ ಮನೋಸಾಮಾಜಿಕ ನೆರವಿನ ಕೆಲಸ ಮಾಡಿತು. ಕಂಡು ವಿಚಾರಿಸುವುದು, ಆಲಿಸುವುದು, ಅಗತ್ಯ ನೆರವಿಗೆ ಜೋಡಿಸುವುದು: ಮಾನಸಿಕ ಪ್ರಥಮ ಚಿಕಿತ್ಸೆ ಎನ್ನಲಾಗುವ ಈ ಕ್ರಮಕ್ಕೆ ಮನೋವೈದ್ಯರೇ ಬೇಕೆಂದಿಲ್ಲ. ತರಬೇತಾದ ದಾದಿ ಸಾಕು.

ಕಾಳಜಿ ಕೇಂದ್ರದಲ್ಲಿ

ಚೀಟಿ ಕಟ್ಟುವ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ವಾರಗಟ್ಟಲೆ ಉಳಿಯುವುದು ಕಾಳಜಿ ಕೇಂದ್ರ. 2009ರ ಅಕ್ಟೋಬರ್‌ನ ಉತ್ತರ ಕರ್ನಾಟಕದ ನೆರೆ, 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ, 2019ರ ಪ್ರವಾಹ: ಈ ಎಲ್ಲ ಸಂದರ್ಭಗಳಲ್ಲಿ ಮನೆ ಕಳೆದುಕೊಂಡವರು ಶಾಲೆ, ಸಮುದಾಯ ಭವನಗಳಲ್ಲಿ ಆಶ್ರಯ ಪಡೆದರು. ಇಂತಹ ಕಡೆ ದಾದಿಯ ಕೈಯಲ್ಲಿ ಸ್ಟೆತಾಸ್ಕೋಪಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ನೋಟ್‌ಬುಕ್ ಮತ್ತು ನೀರಿನ ಕ್ಲೋರಿನ್ ಪರೀಕ್ಷಿಸುವ ಕಿಟ್.

ಜಾಗತಿಕವಾಗಿ ಒಪ್ಪಿತವಾದ 'ಸ್ಫಿಯರ್' ಮಾನದಂಡಗಳ ಪ್ರಕಾರ ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ, ಮಲಗಲು ತಲಾ 3.5 ಚದರ ಮೀಟರ್ ಜಾಗ ಬೇಕು. ಭೇದಿ ಶುರುವಾದರೆ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಎಂಬ ಲೆಕ್ಕ ತಾಯಂದಿರಿಗೆ ಸರಿಯಾಗಿ ತಿಳಿಯಬೇಕು. ಅರ್ಧ ಲೋಟಕ್ಕೆ ಇಡೀ ಪೊಟ್ಟಣ ಸುರಿದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಕೆಸರು ನೀರಿನಲ್ಲಿ ಓಡಾಡಿದವರಿಗೆ ಇಲಿಜ್ವರದ ಭಯ. ದಿನ ತುಂಬಿದ ಗರ್ಭಿಣಿ ಯಾರು, ಕ್ಷಯದ ಮಾತ್ರೆ ತಪ್ಪಿಸಿಕೊಂಡವರು ಯಾರು, ಡಯಾಲಿಸಿಸ್‌ಗೆ ಹೋಗಬೇಕಾದವರು ಯಾರು ಎಂದು ಮೊದಲ ದಿನವೇ ಪಟ್ಟಿ ಮಾಡಬೇಕು. ಇನ್ಸುಲಿನ್ ಇದೆ, ಫ್ರಿಜ್ ಇಲ್ಲ ಎಂದಾಗ ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆ ನೆರವಿಗೆ ಬರುತ್ತದೆ.

ಇವ್ಯಾವುವೂ ವಿಪತ್ತಿನ ವಿಶೇಷ ಪಾಠಗಳಲ್ಲ. ಸಮುದಾಯ ಶುಶ್ರೂಷೆಯ ದಿನನಿತ್ಯದ ಕೆಲಸಗಳು.

ಮನೆ ಭೇಟಿಯ ಕಲಿಕೆ

ವಿದ್ಯಾರ್ಥಿಗಳ ಬಾಯಲ್ಲಿ 'ಕಮ್ಯುನಿಟಿ ಪೋಸ್ಟಿಂಗ್' ಎನಿಸಿಕೊಳ್ಳುವ ಅವಧಿಯಲ್ಲಿ ಅವರು ಚೀಲ ಹೊತ್ತು ಮನೆ ಮನೆಗೆ ಹೋಗುತ್ತಾರೆ. ಚೀಲವನ್ನು ನೆಲಕ್ಕೆ ತಾಗದಂತೆ ಹಳೆಯ ಪತ್ರಿಕೆಯ ಮೇಲಿಟ್ಟು, ಕೈ ತೊಳೆದು, ಶುದ್ಧ ವಸ್ತುಗಳನ್ನು ಬೇರೆಯಾಗಿ ತೆಗೆಯುವ ಕ್ರಮಕ್ಕೆ 'ಬ್ಯಾಗ್ ಟೆಕ್ನಿಕ್' ಎಂದು ಹೆಸರು. ನಲ್ಲಿಯಿಲ್ಲದ ಮನೆಯಲ್ಲಿ ಸೋಂಕು ಹರಡದಂತೆ ಗಾಯಕ್ಕೆ ಪಟ್ಟಿ ಕಟ್ಟಲು ಕಲಿತವರಿಗೆ ಡೇರೆಯೊಳಗಿನ ಕೆಲಸ ಹೊಸತೆನಿಸದು.

ದುರದೃಷ್ಟವಶಾತ್ ಅನೇಕ ಕಡೆ ಈ ಪೋಸ್ಟಿಂಗ್ ದಾಖಲೆ ಪುಸ್ತಕ ತುಂಬಿಸುವ ಕೆಲಸವಾಗಿಬಿಡುತ್ತದೆ. ಭಾಷೆಯ ತೊಡಕೂ ಸಣ್ಣದಲ್ಲ. ಹೊರರಾಜ್ಯದ ವಿದ್ಯಾರ್ಥಿನಿ ಪೀಣ್ಯದ ಕಾರ್ಮಿಕರ ಬಡಾವಣೆಯಲ್ಲಿ ಬಾಣಂತಿಯೊಬ್ಬರಿಗೆ ಎದೆಹಾಲಿನ ಮಹತ್ವ ತಿಳಿಸಬೇಕು. ಆಕೆಗೆ ಕನ್ನಡ ಬಾರದು. ಬಾಣಂತಿ ರಾಯಚೂರಿನವರೋ ಬಿಹಾರದವರೋ ಆಗಿರಬಹುದು ಎಂಬುದು ಬೇರೆ ಮಾತು. ಭಿತ್ತಿಚಿತ್ರ ತೋರಿಸಿ, ಸಹಿ ಪಡೆದು ಹೊರಟರೆ ಕಲಿಕೆಯೂ ಆಗುವುದಿಲ್ಲ, ಆರೈಕೆಯೂ ಆಗುವುದಿಲ್ಲ. ವಿದೇಶಕ್ಕೆ ಹೋಗಲು ಜರ್ಮನ್ ಭಾಷೆಯ ತರಗತಿ ನಡೆಸುವ ಸಂಸ್ಥೆಗಳು ಮೊದಲ ಸೆಮಿಸ್ಟರ್‌ನಲ್ಲೇ ಮಾತನಾಡುವ ಕನ್ನಡ ಕಲಿಸುವುದು ಅಸಾಧ್ಯವೇನಲ್ಲ.

ವಿದೇಶದ ದಾರಿ

ಹೊರದೇಶಕ್ಕೆ ಹೋಗುವ ಪರೀಕ್ಷೆಗಳು ಹಲವು. ಅಮೆರಿಕಕ್ಕೆ ಎನ್‌ಕ್ಲೆಕ್ಸ್; ಇದನ್ನು ಬೆಂಗಳೂರಿನಲ್ಲೇ ಬರೆಯಬಹುದು. ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜತೆಗೆ ಕಂಪ್ಯೂಟರ್ ಆಧಾರಿತ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಪ್ರಾಯೋಗಿಕ ಪರೀಕ್ಷೆ. ಜರ್ಮನಿಗೆ ಭಾಷೆಯೇ ದೊಡ್ಡ ಹೊಸ್ತಿಲು. ದಲ್ಲಾಳಿಗಳ ಸುಲಿಗೆಯ ದೂರುಗಳ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರ 2015ರಲ್ಲಿ ಕೊಲ್ಲಿ ರಾಷ್ಟ್ರಗಳೂ ಸೇರಿದ 'ಇಸಿಆರ್' ಪಟ್ಟಿಯ ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ಒಪ್ಪಿಸಿತು.

ಉದ್ಯೋಗಕ್ಕೆಂದು ಹೋದವರೇ ವಿಪತ್ತಿನ ನಡುವೆ ಸಿಲುಕುವುದೂ ಉಂಟು. 2014ರಲ್ಲಿ ಇರಾಕ್‌ನ ತಿಕ್ರಿತ್‌ನಲ್ಲಿ ಉಗ್ರರ ವಶಕ್ಕೆ ಸಿಕ್ಕಿದ್ದ 46 ಭಾರತೀಯ ನರ್ಸ್‌ಗಳು ಜುಲೈ 5ರಂದು ಕೊಚ್ಚಿಗೆ ಮರಳಿದರು. ಸಂಘರ್ಷ ಪ್ರದೇಶದಲ್ಲಿ ಸ್ವಂತ ಸುರಕ್ಷತೆ, ಪಾಸ್‌ಪೋರ್ಟ್ ಯಾರ ಬಳಿ ಇರಬೇಕು, ರಾಯಭಾರ ಕಚೇರಿಯಲ್ಲಿ ನೋಂದಣಿ ಹೇಗೆ ಎಂಬ ವಿಷಯಗಳು ಪರೀಕ್ಷಾ ತರಬೇತಿಯಲ್ಲಿ ಬರುವುದು ಅಪರೂಪ.

ಪರಿಹಾರ ಕಾರ್ಯಕ್ಕಾಗಿಯೇ ಹೊರದೇಶಕ್ಕೆ ತೆರಳುವ ಅವಕಾಶ ಹೆಚ್ಚಾಗಿ ಸೇನಾ ವೈದ್ಯಕೀಯ ಸೇವೆಯಲ್ಲಿದೆ. 2023ರ ಫೆಬ್ರುವರಿಯಲ್ಲಿ ಟರ್ಕಿಯ ಭೂಕಂಪದ ವೇಳೆ ಭಾರತೀಯ ಸೇನೆಯ 60 ಪ್ಯಾರಾ ಫೀಲ್ಡ್ ಆಸ್ಪತ್ರೆ 99 ಮಂದಿಯ ತಂಡದೊಂದಿಗೆ ಅಲ್ಲಿ ಚಿಕಿತ್ಸಾ ಕೇಂದ್ರ ತೆರೆದಿತ್ತು. ಸೇನಾ ಶುಶ್ರೂಷಾ ಸೇವೆಗೆ ಅಧಿಕಾರಿಗಳನ್ನು ಸಿದ್ಧಪಡಿಸುವ ಕಾಲೇಜುಗಳಲ್ಲೊಂದು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲಿದೆ.

ಕಾಲೇಜು ಆಯ್ದುಕೊಳ್ಳುವ ಮುನ್ನ ವಿದ್ಯಾರ್ಥಿಗಳೂ ಪೋಷಕರೂ ಮಾನ್ಯತೆಯ ಜತೆಗೆ ಇನ್ನು ಕೆಲವನ್ನು ವಿಚಾರಿಸುವುದು ಒಳಿತು. ಕಾಲೇಜಿಗೆ ತನ್ನದೇ ಮಾತೃ ಆಸ್ಪತ್ರೆ ಇದೆಯೇ? ಸಮುದಾಯ ಪೋಸ್ಟಿಂಗ್ ಯಾವ ಬಡಾವಣೆ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಡೆಯುತ್ತದೆ, ಜತೆಗೆ ಅಧ್ಯಾಪಕರು ಹೋಗುತ್ತಾರೆಯೇ? ಕೊನೆಯ ಅಣಕು ಕಾರ್ಯಾಚರಣೆ ಯಾವಾಗ ನಡೆಯಿತು?