ಹಸುವಿನ ಹೊಟ್ಟೆ, ಡೇರಿ ಹಾಲು, ತಿಪ್ಪೆ, ಬಾವಿ ನೀರು: ರೋಗಾಣು ಎಲ್ಲಿಂದ ಎಲ್ಲಿಗೆ ಬರುತ್ತೆ?

ಮಳೆಗಾಲ ಶುರುವಾದ್ರೆ ಆಸ್ಪತ್ರೆಗೆ ವಾಂತಿ ಭೇದಿ ಕೇಸ್ ಬರೋದು ಹೆಚ್ಚಾಗುತ್ತೆ. 'ನೀರು ಬದಲಾಯ್ತು', 'ಹೋಟೆಲ್ ಊಟ ಆಗಿಬರಲಿಲ್ಲ' ಅಂತ ಸುಮ್ಮನಾಗ್ತೀವಿ. ಇದರಲ್ಲಿ ಒಂದಷ್ಟು ಕಾಯಿಲೆಯ ದಾರಿ ಕೊಟ್ಟಿಗೆಯಿಂದಲೇ ಹೊರಡುತ್ತೆ. ಹಸು ಕಟ್ಟಿರೋರು, ಹಾಲು ಮಾರೋರು, ಹೋಟೆಲ್, ತರಕಾರಿ ಅಂಗಡಿ, ಮಟನ್ ಅಂಗಡಿಯವರು ತಿಳ್ಕೊಂಡಿರಬೇಕಾದ ವಿಷಯ ಇಲ್ಲಿದೆ.

ಹುಲ್ಲು ಅರಗಿಸೋದು ಹಸು ಅಲ್ಲ

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೇ ದೊಡ್ಡ ಚೀಲಕ್ಕೆ ರೂಮೆನ್ ಅಂತಾರೆ. ದೊಡ್ಡ ಸೀಮೆ ಹಸುವಿನಲ್ಲಿ ಇದು 100 ಲೀಟರ್‌ಗೂ ಹೆಚ್ಚು ಹಿಡಿಯುತ್ತೆ. ಒಣ ರಾಗಿ ಹುಲ್ಲಿನ ನಾರನ್ನ ಕರಗಿಸೋ ಶಕ್ತಿ ಹಸುವಿನ ಮೈಯಲ್ಲಿಲ್ಲ. ಆ ಕೆಲಸ ಮಾಡೋದು ರೂಮೆನ್‌ನಲ್ಲಿರೋ ಬ್ಯಾಕ್ಟೀರಿಯಾ. ಒಂದು ಮಿಲಿಲೀಟರ್ ರಸದಲ್ಲಿ ಸುಮಾರು 1,000 ಕೋಟಿ ಇರ್ತಾವೆ. ಇವು ಹುಲ್ಲನ್ನ ಹುಳಿ ಬರಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಅನ್ನೋ ಆಮ್ಲ ಮಾಡ್ತಾವೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ಹೆಚ್ಚು ಪಾಲು ಬರೋದು ಈ ಆಮ್ಲಗಳಿಂದಲೇ.

ಡೇರಿಗೆ ಹಾಲು ಹಾಕೋರಿಗೆ ಇದರಲ್ಲಿ ನೇರ ಲೆಕ್ಕ ಇದೆ. ಹಾಲಿನ ಕೊಬ್ಬು ತಯಾರಾಗೋಕೆ ಅಸಿಟಿಕ್ ಆಮ್ಲ ಬೇಕು, ಅದು ನಾರಿನ ಮೇವಿನಿಂದ ಜಾಸ್ತಿ ಬರುತ್ತೆ. ಹುಲ್ಲು ಕಡಿಮೆ ಮಾಡಿ ಬೂಸಾ, ಹಿಟ್ಟು ಸುರಿದ್ರೆ ಹಾಲು ಸ್ವಲ್ಪ ಹೆಚ್ಚಬಹುದು, ಫ್ಯಾಟ್ ಇಳಿಯುತ್ತೆ. ಸೊಸೈಟಿ ಮಿಷನ್ ಮೇಲೆ ಅನುಮಾನ ಪಡೋ ಮುಂಚೆ ಗೋದಲಿ ನೋಡಿ.

ಮದುವೆ ಮನೆ ಅನ್ನ

ನಮ್ಮ ಕಡೆ ಹಸು ಸಾಯೋ ಒಂದು ಕಾರಣ ಇದು. ಛತ್ರದಲ್ಲಿ ಉಳಿದ ಅನ್ನ, ಪಾಯಸವನ್ನ 'ಪಾಪ ತಿನ್ನಲಿ' ಅಂತ ಹಸು ಮುಂದೆ ಸುರೀತಾರೆ. ಪಿಷ್ಟ ಒಮ್ಮೆಗೇ ಜಾಸ್ತಿ ಹೋದ್ರೆ ರೂಮೆನ್‌ನಲ್ಲಿ ಲ್ಯಾಕ್ಟಿಕ್ ಆಮ್ಲ ಮಾಡೋ ಬ್ಯಾಕ್ಟೀರಿಯಾ ಹುಚ್ಚಾಪಟ್ಟೆ ಬೆಳೀತಾವೆ, ಒಳಗೆಲ್ಲ ಹುಳಿಯಾಗಿ ನಾರು ಕರಗಿಸೋ ಒಳ್ಳೆ ಬ್ಯಾಕ್ಟೀರಿಯಾ ಸಾಯ್ತಾವೆ. ಹಸು ಮೆಲುಕು ನಿಲ್ಲಿಸುತ್ತೆ, ತೂರಾಡುತ್ತೆ, ಭೇದಿ ಹತ್ತುತ್ತೆ, ನೆಲ ಹಿಡಿಯುತ್ತೆ. ಒಂದೆರಡು ದಿನದಲ್ಲಿ ಜೀವಾನೂ ಹೋಗಬಹುದು. ಕಂಡ ಕೂಡಲೇ ಪಶು ವೈದ್ಯರನ್ನ ಕರೀರಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಹಸುವಿಗೆ ಏನೂ ಆಗಲ್ಲ, ಮಗುವಿಗೆ ಆಗುತ್ತೆ

ಈಗ ಮುಖ್ಯ ವಿಷಯ. ಇ-ಕೋಲಿ ಅನ್ನೋ ಬ್ಯಾಕ್ಟೀರಿಯಾ ಮನುಷ್ಯರ ಕರುಳಲ್ಲೂ ಇದೆ, ದನದ ಕರುಳಲ್ಲೂ ಇದೆ. ಬಹುಪಾಲು ಏನೂ ತೊಂದರೆ ಕೊಡಲ್ಲ. ಆದ್ರೆ ಒ157 ಅನ್ನೋ ತಳಿ ಬೇರೆ ಜಾತಿ. ಅಮೆರಿಕದಲ್ಲಿ 1982ರಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದವರಿಗೆ ರಕ್ತಭೇದಿ ಆದಾಗ ಇದು ಬೆಳಕಿಗೆ ಬಂತು. 1993ರಲ್ಲಿ ಅಲ್ಲೇ ಮತ್ತೆ ಹ್ಯಾಂಬರ್ಗರ್‌ನಿಂದ 700ಕ್ಕೂ ಹೆಚ್ಚು ಜನ ಮಲಗಿದ್ರು, ನಾಲ್ಕು ಮಕ್ಕಳು ತೀರಿಕೊಂಡ್ರು.

ಈ ರೋಗಾಣು ದನದ ದೊಡ್ಡ ಕರುಳಿನ ಕೊನೇ ಭಾಗದಲ್ಲಿ ಮನೆ ಮಾಡುತ್ತೆ. ಇದು ಬಿಡೋ ವಿಷದ ಹೆಸರು ಶಿಗಾ. ಮನುಷ್ಯರ ಮೂತ್ರಪಿಂಡದ ಸಣ್ಣ ರಕ್ತನಾಳಗಳಲ್ಲಿ ಆ ವಿಷ ಅಂಟಿಕೊಳ್ಳೋಕೆ ಜಾಗ ಇದೆ, ದನದ ರಕ್ತನಾಳಗಳಲ್ಲಿ ಇಲ್ಲ. ಹಾಗಾಗಿ ಹಸು ಚೆನ್ನಾಗಿ ಮೇಯ್ತಾ, ಹಾಲು ಕೊಡ್ತಾ ಇರುತ್ತೆ, ಸಗಣಿಯಲ್ಲಿ ರೋಗಾಣು ಹಾಕ್ತಾನೂ ಇರುತ್ತೆ. ನೋಡಿ ಕಂಡುಹಿಡಿಯೋಕೆ ಯಾರಿಂದಲೂ ಆಗಲ್ಲ. ಮನುಷ್ಯರಿಗೆ ಕಾಯಿಲೆ ತರೋಕೆ ನೂರಕ್ಕಿಂತ ಕಡಿಮೆ ರೋಗಾಣು ಸಾಕು. ಸೂಜಿಮೊನೆಯಷ್ಟು ಸಗಣಿಯಲ್ಲೂ ಅಷ್ಟು ಇರಬಹುದು.

ಹೊಟ್ಟೆ ನುಲಿತ, ಆಮೇಲೆ ರಕ್ತ ಕಲೆತ ಭೇದಿ. ಹೆಚ್ಚಿನವರು ವಾರದಲ್ಲಿ ಸುಧಾರಿಸ್ತಾರೆ. ಐದು ವರ್ಷದ ಒಳಗಿನ ಮಕ್ಕಳಲ್ಲಿ ಕೆಲವರಿಗೆ ಮೂತ್ರಪಿಂಡ ಕೈಕೊಡುತ್ತೆ: ಮೂತ್ರ ಕಡಿಮೆ ಆಗುತ್ತೆ, ಮುಖ ಊದುತ್ತೆ, ಮೈ ಬಿಳಿಚಿಕೊಳ್ಳುತ್ತೆ. ಆಗ ಡಯಾಲಿಸಿಸ್ ಇರೋ ಆಸ್ಪತ್ರೆಗೇ ಓಡಬೇಕು. ಮೆಡಿಕಲ್ ಸ್ಟೋರ್‌ನವರಿಗೆ ಒಂದು ಮಾತು: ರಕ್ತಭೇದಿ ಅಂತ ಬಂದವರಿಗೆ ಭೇದಿ ನಿಲ್ಲಿಸೋ ಮಾತ್ರೆ, ಆಂಟಿಬಯೋಟಿಕ್ ಕೈಗೆ ಕೊಟ್ಟು ಕಳಿಸಬೇಡಿ. ಈ ಕಾಯಿಲೆಯಲ್ಲಿ ಅವು ಕೆಡುಕನ್ನೇ ಹೆಚ್ಚಿಸಬಹುದು. ಓಆರ್‌ಎಸ್ ಕೊಟ್ಟು ಡಾಕ್ಟರ್ ಹತ್ರ ಕಳಿಸಿ.

ವಾಕರ್ಟನ್ ಊರಿನ ಬಾವಿ

ದನದ ಮಾಂಸ ತಿನ್ನದವರು 'ನಮಗೇನು' ಅನ್ನಬಹುದು. ಅವರಿಗಾಗಿ ಈ ಕಥೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಅಂತ ಸುಮಾರು 5,000 ಜನರ ಊರು, ನಮ್ಮ ಒಂದು ಹೋಬಳಿ ಕೇಂದ್ರದಷ್ಟು. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂತು. ಊರಿಗೆ ನೀರು ಕೊಡ್ತಿದ್ದ ಒಂದು ಆಳವಿಲ್ಲದ ಬಾವಿಗೆ ಪಕ್ಕದ ಹೊಲದಲ್ಲಿ ಹರಡಿದ್ದ ಸಗಣಿ ಗೊಬ್ಬರದ ಅಂಶ ಇಳೀತು. ನೀರಿಗೆ ಹಾಕಬೇಕಿದ್ದಷ್ಟು ಕ್ಲೋರಿನ್ ಹಾಕಿರಲಿಲ್ಲ. ಹಾಕಿದಂತೆ ಪುಸ್ತಕದಲ್ಲಿ ಮಾತ್ರ ಬರೆದಿದ್ರು! 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ರು, ಏಳು ಜನ ಸತ್ತರು. ನೀರಲ್ಲಿ ಸಿಕ್ಕಿದ್ದು ಒ157 ಮತ್ತು ಕ್ಯಾಂಪಿಲೊಬ್ಯಾಕ್ಟರ್, ಎರಡೂ ದನದ ಕರುಳಿನವು. ಗೊಬ್ಬರ ಹಾಕಿದ ರೈತನ ತಪ್ಪಿಲ್ಲ ಅಂತ ತನಿಖೆ ಹೇಳಿತು. ತಪ್ಪು ನೀರಿನ ಉಸ್ತುವಾರಿ ನೋಡ್ಕೋತಿದ್ದವರದು.

ನಮ್ಮ ಹಳ್ಳಿಗಳಲ್ಲಿ ತಿಪ್ಪೆಗುಂಡಿ ಎಲ್ಲಿದೆ, ಬೋರ್‌ವೆಲ್ ಎಲ್ಲಿದೆ ನೋಡ್ಕೊಳ್ಳಿ. ಕೇಸಿಂಗ್ ಪೈಪ್ ಸುತ್ತ ಸಿಮೆಂಟ್ ಕಟ್ಟೆ ಇಲ್ಲದೆ ಮಳೆನೀರು ನಿಲ್ಲುತ್ತಿದ್ರೆ ಪಂಚಾಯ್ತಿಗೆ ಅರ್ಜಿ ಕೊಡಿ. ಟ್ಯಾಂಕಿಗೆ ಕ್ಲೋರಿನ್ ಯಾವತ್ತು ಹಾಕಿದ್ರು ಅಂತ ವಾಟರ್‌ಮ್ಯಾನ್‌ಗೆ ಕೇಳೋದ್ರಲ್ಲಿ ಸಂಕೋಚ ಬೇಡ.

ಹಾಲು

ಕೆಚ್ಚಲೊಳಗಿಂದ ಬರೋ ಹಾಲಿಗಿಂತ, ಕೆಚ್ಚಲಿಗೆ, ಕೈಗೆ, ಬಕೆಟ್‌ಗೆ ಮೆತ್ತಿರೋ ಸಗಣಿಯಿಂದ ಕರುಳಿನ ರೋಗಾಣು ಹಾಲಿಗೆ ಬೀಳೋದೇ ಹೆಚ್ಚು. ಹಾಲು ಕರೆದಾಗ ಬೆಚ್ಚಗಿರುತ್ತೆ, ಬ್ಯಾಕ್ಟೀರಿಯಾಗೆ ಅದು ಹಬ್ಬ. ಅನುಕೂಲ ಇದ್ದರೆ ಇ-ಕೋಲಿ 20 ನಿಮಿಷಕ್ಕೆ ಎರಡರಷ್ಟಾಗುತ್ತೆ. ಆ ಲೆಕ್ಕದಲ್ಲಿ ಒಂದೇ ಒಂದು ಇದ್ದದ್ದು ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತೆ. ಡೇರಿಯವರು ಹಾಲು ಬೇಗ ತನ್ನಿ ಅನ್ನೋದು, ಬಲ್ಕ್ ಕೂಲರ್‌ನಲ್ಲಿ 4 ಡಿಗ್ರಿಗೆ ಇಳಿಸೋದು ಇದಕ್ಕೇ.

ನಮ್ಮನ್ನ ಕಾಪಾಡಿರೋದು ಹಾಲು ಉಕ್ಕಿಸೋ ಅಭ್ಯಾಸ. ಪಾಶ್ಚರೀಕರಣಕ್ಕೆ 72 ಡಿಗ್ರಿ, 15 ಸೆಕೆಂಡ್ ಸಾಕು, ಉಕ್ಕಿಸಿದ್ರೆ ಅದಕ್ಕಿಂತ ಹೆಚ್ಚೇ ಆಯ್ತು. ಟೀ ಅಂಗಡಿಯವರ ಬಗ್ಗೆ ನನಗೆ ಚಿಂತೆ ಇಲ್ಲ. ಗಿಣ್ಣು ಕೂಡ ಚೆನ್ನಾಗಿ ಬೇಯುತ್ತೆ. ಚಿಂತೆ ಇರೋದು ಬಿಡಿ ಹಾಲನ್ನ ಕಾಯಿಸದೆ ಮಿಲ್ಕ್‌ಶೇಕ್‌ಗೆ ಹಾಕೋ ಕಡೆ, ಶಕ್ತಿ ಬರುತ್ತೆ ಅಂತ ಮಕ್ಕಳಿಗೆ ನೊರೆ ಹಾಲು ಕುಡಿಸೋ ಕಡೆ. ಹಸಿ ಹಾಲಿನ ಪಂಚಾಮೃತಾನೂ ಅಷ್ಟೇ. ಅಭಿಷೇಕಕ್ಕೆ ಹಸಿ ಹಾಲು ಇರಲಿ, ಜನರ ಕೈಗೆ ಹಾಕೋದಕ್ಕೆ ಕಾಯಿಸಿ ಆರಿಸಿದ ಹಾಲಲ್ಲಿ ಬೇರೆ ಮಾಡಿದ್ರೆ ಭಕ್ತಿಗೇನೂ ಕೊರತೆ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಸಿ ಹಾಲಿಂದ ಬ್ರುಸೆಲ್ಲಾ ಕೂಡ ಬರುತ್ತೆ. ಇದು ಕರುಳಿನದಲ್ಲ, ಕಂದು ಹಾಕಿದ ಹಸುವಿನ ಮಾಸು ಮುಟ್ಟಿದ್ರೂ ಅಂಟುತ್ತೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಇದೆ, ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದೇ, ಆದ್ರೆ ಎಲ್ಲಾ ಬ್ಯಾಕ್ಟೀರಿಯಾ ಸತ್ತಿರಲ್ಲ. ಬೆಳಗ್ಗೆ ಇಳಿಸಿದ ಕ್ರೇಟ್ ಬಿಸಿಲು ಬರೋವರೆಗೂ ಬಾಗಿಲ ಮುಂದೆ ಇದ್ರೆ ಒಡೆಯೋದು ಖಂಡಿತ. ಗುಡ್‌ಲೈಫ್ ಥರದ ಯುಎಚ್‌ಟಿ ಹಾಲು ಮಾತ್ರ ಒಡೆಯೋವರೆಗೂ, ಅಂದ್ರೆ ಪ್ಯಾಕ್ ಕತ್ತರಿಸೋವರೆಗೂ, ಹೊರಗಿರಬಹುದು.

ಸೊಪ್ಪು, ಬೋಟಿ

ಹಸಿ ಸಗಣಿ ಬಗ್ಗಡ, ಜೀವಾಮೃತವನ್ನ ಕೊತ್ತಂಬರಿ, ಪುದೀನ ಮೇಲೆ ಚಿಮುಕಿಸಿ ಮಾರನೇ ದಿನ ಕಿತ್ತು ಸಂತೆಗೆ ತರಬಾರದು. ಅಮೆರಿಕದ ಸಾವಯವ ನಿಯಮದಲ್ಲಿ ನೆಲಕ್ಕೆ ತಾಗೋ ಬೆಳೆಗೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ ಕಾಯಬೇಕು. ಚೆನ್ನಾಗಿ ಕಳಿತ ಗೊಬ್ಬರ ಆದ್ರೆ ಭಯ ಕಡಿಮೆ. ಒಳಗೆ 55 ಡಿಗ್ರಿ ಮೇಲೆ ಕೆಲವು ದಿನ ಕಾದ್ರೆ ರೋಗಾಣು ಸಾಯ್ತಾವೆ, ಆದ್ರೆ ತಿಪ್ಪೆಯ ಹೊರಪದರ ಅಷ್ಟು ಕಾಯಲ್ಲ. ಅದಕ್ಕೇ ಬುಡಮೇಲು ಮಾಡಿ ಮಗುಚಬೇಕು.

ಕುರಿ, ಮೇಕೆಯೂ ಮೆಲುಕು ಹಾಕೋ ಪ್ರಾಣಿಗಳೇ, ಅವುಗಳ ಕರುಳಲ್ಲೂ ಇದೇ ರೋಗಾಣು ಇರಬಹುದು. ಬೋಟಿ ತೊಳೆದ ನೀರು ಮಾಂಸಕ್ಕೆ ಹಾರಬಾರದು, ಬೋಟಿಗೆ ಬೇರೆ ಚಾಕು, ಬೇರೆ ತೊಟ್ಟಿ ಇಡಿ. ಮಾಂಸ ಬೆಂದ ಮೇಲೆ ಅದರಿಂದ ಭಯ ಇಲ್ಲ. ತೊಳೆಯದ ಕೈಯಲ್ಲಿ, ಅದೇ ಮಣೆ ಮೇಲೆ ಹೆಚ್ಚಿದ ಈರುಳ್ಳಿ, ಸೌತೆಕಾಯಿ ಮಾತ್ರ ಬೇಯದೆ ಹಾಗೇ ತಟ್ಟೆಗೆ ಹೋಗುತ್ತೆ.