ಕಲ್ಯಾಣದ ಆನಂದೀಬಾಯಿ ಅರಸಿದ ಉಪಾಯ

ಮುಂಬಯಿಯ ಬಳಿ, ಉಲ್ಹಾಸ ನದಿಯ ದಡದ ಕಲ್ಯಾಣದಲ್ಲಿ 1865ರಲ್ಲಿ ಜನಿಸಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಕೂಸನ್ನು ಹತ್ತೇ ದಿನಗಳಲ್ಲಿ ಕಳೆದುಕೊಂಡ ಆನಂದೀಬಾಯಿ ಜೋಶಿಯವರು, 1883ರಲ್ಲಿ ಬಂಗಾಳದ ಶ್ರೀರಾಮಪುರ ಕಾಲೇಜಿನ ಸಭೆಯೆದುರು ನಿಂತು, ವೈದ್ಯವಿದ್ಯೆಗಾಗಿ ತಾವು ಅಮೆರಿಕಕ್ಕೆ ಹೊರಟಿರುವುದೇಕೆಂಬುದನ್ನು ವಿವರಿಸಿದಾಗ, ಪುರುಷವೈದ್ಯನೆದುರು ದೇಹವನ್ನು ತೋರಲು ಹೆಣ್ಣು ಹಿಂಜರಿಯುತ್ತಾಳೆಂಬ ಮಾತನ್ನು ಮುಂದಿಟ್ಟರು. ಆ ಹಿಂಜರಿಕೆಯನ್ನು ಅವರು ಅಜ್ಞಾನವೆಂದು ಹಳಿಯಲಿಲ್ಲ. ಸಹಜವೆಂದು ಒಪ್ಪಿಯೇ, ಹೆಣ್ಣನ್ನು ಹೆಣ್ಣೇ ಪರೀಕ್ಷಿಸುವ ಉಪಾಯವನ್ನು ಅರಸಿದರು. 1886ರಲ್ಲಿ ಪದವಿ ಪಡೆದು, ಕೊಲ್ಹಾಪುರದ ಆಸ್ಪತ್ರೆಯ ಸ್ತ್ರೀವಿಭಾಗಕ್ಕೆ ನಿಯುಕ್ತರಾಗಿದ್ದರೂ, ಅಧಿಕಾರ ವಹಿಸಿಕೊಳ್ಳುವ ಮೊದಲೇ 1887ರ ಫೆಬ್ರವರಿಯಲ್ಲಿ ಕ್ಷಯದಿಂದ ತೀರಿಕೊಂಡರು. ಅವರಿಗಾಗ ಇಪ್ಪತ್ತೆರಡು ತುಂಬಿರಲಿಲ್ಲ.

ಆ ಹಿಂಜರಿಕೆ ಅತಿಯಾಗುವುದು ಹೆಣ್ಣಿನ ಒಳಪರೀಕ್ಷೆಯಲ್ಲಿ. ಅದರ ಉಪಕರಣವೇನೋ ಪ್ರಾಚೀನವಾದುದು. ವಾಗ್ಭಟನ ಆಯುರ್ವೇದಗ್ರಂಥವಾದ ಅಷ್ಟಾಂಗಹೃದಯದಲ್ಲಿ ಯೋನಿವ್ರಣೇಕ್ಷಣವೆಂಬ ಯಂತ್ರದ ವರ್ಣನೆಯಿದೆ: ಹದಿನಾರು ಅಂಗುಲದ ಟೊಳ್ಳು ನಳಿಗೆ, ನಾಲ್ಕು ಎಸಳು, ತಾವರೆಯ ಮೊಗ್ಗಿನಂತಹ ಮುಖ. ಆದರೆ 1845ರ ಸುಮಾರಿಗೆ ಅಲಬಾಮಾದಲ್ಲಿ ವೈದ್ಯ ಮರಿಯನ್ ಸಿಮ್ಸ್ ಅಂಥದೇ ಉಪಕರಣವಾದ ತನ್ನ ಸ್ಪೆಕ್ಯುಲಮ್ಮನ್ನು ರೂಪಿಸಿದ್ದು, ಇಲ್ಲವೆನ್ನಲು ಸ್ವಾತಂತ್ರ್ಯವೇ ಇಲ್ಲದ ಗುಲಾಮ ಸ್ತ್ರೀಯರ ಮೇಲೆ ಅರಿವಳಿಕೆಯಿಲ್ಲದೆ ಶಸ್ತ್ರಪ್ರಯೋಗ ನಡೆಸುತ್ತ. ಆ ನಿರ್ದಯತೆ ಬಹುಕಾಲ ಪರೀಕ್ಷಾಕೊಠಡಿಯನ್ನು ಬಿಟ್ಟು ಹೋಗಲಿಲ್ಲವೆಂದೇ ನನ್ನ ಭಾವನೆ. ಲೋಹವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತಣ್ಪು ಕಳೆಯುವುದು, ಮೊಣಕಾಲಿನ ಮೇಲೊಂದು ಹೊದಿಕೆ, ಮುಟ್ಟುವುದಕ್ಕೆ ಮುಂಚೆ ಒಂದು ಮಾತು, ಪರೀಕ್ಷೆಗೊಳಗಾದವಳು 'ಸಾಕು' ಎಂದೊಡನೆ ನಿಲ್ಲುವ ಕೈ—ಅದನ್ನು ನೀಗುವ ಇವಾವುದಕ್ಕೂ ಹಣ ಬೇಕಿಲ್ಲ.

ಆನಂದೀಬಾಯಿಯವರ ಉಪಾಯವು ದೊಡ್ಡ ಪ್ರಮಾಣದಲ್ಲಿ ಫಲಿಸಿದ್ದನ್ನು ನೋಡಲು ಮುಂಬಯಿಗೆ ಹೋಗಬೇಕು. 1998ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿಯವರ ತಂಡವು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನೊಳಗೊಂಡ ಅಧ್ಯಯನವನ್ನು ಆರಂಭಿಸಿತು. ಅವರಲ್ಲಿ ಅರ್ಧದಷ್ಟು ಮಂದಿಗೆ, ಎರಡೆರಡು ವರ್ಷಕ್ಕೊಮ್ಮೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಗರ್ಭಕಂಠದ ಕ್ಯಾನ್ಸರಿನ ಪರೀಕ್ಷೆ ನಡೆಸಿದರು: ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು ಗರ್ಭಕಂಠಕ್ಕೆ ಸವರಿ, ಒಂದು ನಿಮಿಷ ಕಾದು, ಬಿಳುಪೇರಿದ ಕಲೆಯುಂಟೇ ಎಂದು ನೋಡುವುದು. ಆ ಕಾರ್ಯಕರ್ತೆ ವೈದ್ಯೆಯಲ್ಲ, ಹತ್ತನೆಯ ತರಗತಿ ಓದಿದ ಹೆಂಗಸು. ಹನ್ನೆರಡು ವರ್ಷಗಳ ತರುವಾಯ, ಉಳಿದರ್ಧಕ್ಕೆ ಹೋಲಿಸಿದರೆ, ಪರೀಕ್ಷೆಗೊಳಗಾದ ಗುಂಪಿನಲ್ಲಿ ಆ ಕ್ಯಾನ್ಸರಿನ ಮರಣವು ಶೇಕಡಾ 31ರಷ್ಟು ತಗ್ಗಿತ್ತು.

ಈಗ ಪರೀಕ್ಷಿಸುವ ಇನ್ನೊಬ್ಬಾಕೆಯೂ ಬೇಕಾಗಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆಗೆ ಹೆಣ್ಣು ತಾನೇ ಸ್ಯಾಂಪಲ್ ತೆಗೆದುಕೊಡುವ ಕ್ರಮವನ್ನು ಮಾನ್ಯಮಾಡಿತು. ಸ್ಪೆಕ್ಯುಲಮ್ ಬೇಡ, ಮೇಜಿನ ಮೇಲೆ ಮಲಗಬೇಕಾಗಿಲ್ಲ, ಬಾಗಿಲ ಚಿಲಕ ಹಾಕಿಕೊಂಡು, ಮೆತ್ತನೆಯ ಕುಂಚವೊಂದನ್ನು ತನ್ನ ಕೈಯಿಂದಲೇ ಒಳಸೇರಿಸಿ, ತಿರುವಿ, ಸೀಸೆಗಿಳಿಸಿ ಹೊರಬರುತ್ತಾಳೆ, ಯಾರೂ ನೋಡಿರುವುದಿಲ್ಲ.